ವರದಿಯಲ್ಲಿ ಇಲ್ಲದ ಒಂದು ಸಾಲು



ಈ ದತ್ತಿ ಉಪನ್ಯಾಸಕ್ಕೆ ಸಂಘದವರು ನನಗೆ ಕೊಟ್ಟ ವಿಷಯ ‘ರೋಗಕ್ಕೆ ಮುನ್ನ’ ಎಂದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸ್ಕ್ಯಾನಿಂಗ್ ಕೋಣೆಯ ಅರೆಗತ್ತಲಲ್ಲಿ ಕೂತು ಬಂದವನಿಗೆ ಅಷ್ಟು ಹರಹಿನ ವಿಷಯವನ್ನು ನಿಭಾಯಿಸುವುದು ಕಷ್ಟ. ನನಗೆ ಗೊತ್ತಿರುವ ಒಂದು ರಕ್ತನಾಳ, ಅದರ ಅಗಲ, ಆ ಅಗಲವನ್ನು ಯಾರಲ್ಲಿ ಅಳೆಯಬೇಕು, ಯಾರಲ್ಲಿ ಹುಡುಕುತ್ತಾ ಹೋಗಬಾರದು, ಇಷ್ಟನ್ನು ಈ ಹೊತ್ತು ಹೇಳುತ್ತೇನೆ.

ನನ್ನ ನಿವೃತ್ತಿಗೆ ನಾಲ್ಕು ವರ್ಷ ಮೊದಲಿನ ಮಾತು. ಬಸ್ ಚಾಲಕರಾಗಿದ್ದು ನಿವೃತ್ತರಾದ, ಎಪ್ಪತ್ತರ ಆಸುಪಾಸಿನ ಯಜಮಾನರೊಬ್ಬರು ಎಡಪಕ್ಕೆಯ ನೋವೆಂದು ಬಂದರು. ಜೊತೆಯಲ್ಲಿ ಮಗಳು, ಅವರ ಕೈಯಲ್ಲಿ ಹಳೆಯ ವರದಿಗಳ ಪ್ಲಾಸ್ಟಿಕ್ ಕವರ್. ಚೀಟಿಯಲ್ಲಿ ಬರೆದಿದ್ದದ್ದು ‘ಕಿಡ್ನಿ ಕಲ್ಲು?’ ಎಂದು. ಜೆಲ್ ಹಚ್ಚಿದೊಡನೆ ತಣ್ಣಗಾಯಿತೆಂದು ಹೊಟ್ಟೆ ಬಿಗಿಹಿಡಿದರು. ‘ಉಸಿರು ಬಿಡಿ ಯಜಮಾನ್ರೇ’ ಎಂದೆ. ಎರಡೂ ಮೂತ್ರಪಿಂಡ ಚೆನ್ನಾಗಿದ್ದವು, ಕಲ್ಲು ಎಲ್ಲೂ ಇರಲಿಲ್ಲ. ಪ್ರೋಬನ್ನು ಹೊಕ್ಕುಳಿನ ಮೇಲಕ್ಕೆ ಸರಿಸಿದೆ. ಅಲ್ಲಿ ಪರದೆಯ ಮೇಲೆ ಬೆನ್ನುಮೂಳೆ ಬಿಳಿಯ ಕಮಾನಿನ ಹಾಗೆ ಕಾಣುತ್ತದೆ. ಅದರ ಮುಂದೆ, ಕೊಂಚ ಎಡಕ್ಕೆ, ಮಹಾಧಮನಿ ಕಪ್ಪು ದುಂಡಗೆ ಮಿಡಿಯುತ್ತಿರಬೇಕು. ಗಾತ್ರ ಹೆಚ್ಚು ಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ನನಗೆ ಕಂಡದ್ದು ಕಿತ್ತಳೆ ಹಣ್ಣಿನಷ್ಟು ದೊಡ್ಡ ಗುಂಡು. ಅದರ ಒಳಗೋಡೆಗೆ ಹೆಪ್ಪುಗಟ್ಟಿದ ರಕ್ತದ ಬೂದು ಪದರ. ನಡುವೆ ಉಳಿದ ದಾರಿಯಲ್ಲಿ ರಕ್ತ ನುಗ್ಗಿದಾಗೆಲ್ಲ ಇಡೀ ಗುಂಡೇ ಎದ್ದೆದ್ದು ಬೀಳುತ್ತಿತ್ತು. ಎರಡು ಅಂಚಿಗೆ ಗುರುತು ಇಟ್ಟು ಅಳೆದೆ: 6.8 ಸೆಂಟಿಮೀಟರ್.

‘ಕಲ್ಲು ದೊಡ್ಡದಾ ಸಾರ್?’ ಎಂದು ಅವರು ಕೇಳಿದರು.

ಅಂದೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಶಸ್ತ್ರಚಿಕಿತ್ಸೆಯಾಯಿತು, ಉಳಿದರು. ಆಂಬುಲೆನ್ಸ್ ಬರುವುದನ್ನು ಕಾಯುತ್ತಿದ್ದಾಗ ಮಗಳಿಂದ ಆ ಕವರ್ ಇಸಿದುಕೊಂಡು ಹಳೆಯ ಕಾಗದ ನೋಡಿದೆ. ಮೂರು ವರ್ಷದ ಹಿಂದೆ ಒಂದು ಹೊಟ್ಟೆ ಸ್ಕ್ಯಾನ್ ಆಗಿತ್ತು, ಆರು ವರ್ಷದ ಹಿಂದೆ ಇನ್ನೊಂದು. ಯಕೃತ್ತು, ಪಿತ್ತಕೋಶ, ಗುಲ್ಮ, ಮೂತ್ರಪಿಂಡ, ಪ್ರಾಸ್ಟೇಟ್, ಎಲ್ಲಕ್ಕೂ ಒಂದೊಂದು ಸಾಲಿತ್ತು. ಮಹಾಧಮನಿಗೆ ಸಾಲಿರಲಿಲ್ಲ. ಈ ಉಬ್ಬು ಸಾಮಾನ್ಯವಾಗಿ ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಂತೆ ಬೆಳೆಯುವಂಥದ್ದು. ಆರು ವರ್ಷದ ಹಿಂದೆಯೂ ಅದು ಅಲ್ಲೇ ಇತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಎರಡರಲ್ಲಿ ಹಳೆಯ ವರದಿಯ ಕೆಳಗಿದ್ದದ್ದು ನನ್ನ ಸಹಿ.

ಕಲ್ಲು ಹುಡುಕು ಎಂದಿದ್ದರು, ಕಲ್ಲು ಹುಡುಕಿದ್ದೆ. ಪಕ್ಕದಲ್ಲೇ ಮಿಡಿಯುತ್ತಿದ್ದದ್ದನ್ನು ನೋಡಿರಲಿಲ್ಲ. ಇಂದಿನ ಮಾತು ಹುಟ್ಟಿದ್ದು ಅಲ್ಲಿಂದ.

ಮಹಾಧಮನಿ ಹೃದಯದಿಂದ ಹೊರಟು ಎದೆಯಲ್ಲಿ ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಗೆ ಆತುಕೊಂಡು ಹೊಟ್ಟೆಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳ ಕಡೆಗೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು ಎರಡು ಸೆಂಟಿಮೀಟರ್. ಮೂರು ಮುಟ್ಟಿದರೆ ಅದನ್ನು ಅನ್ಯೂರಿಸಂ ಎನ್ನುತ್ತೇವೆ. ವಯಸ್ಸು, ರಕ್ತದೊತ್ತಡ, ಮನೆತನದ ಗುಣ, ಎಲ್ಲಕ್ಕಿಂತ ಮಿಗಿಲಾಗಿ ಬೀಡಿ ಸಿಗರೇಟಿನ ಹೊಗೆ ನಾಳದ ಗೋಡೆಯ ಸ್ಥಿತಿಸ್ಥಾಪಕ ಎಳೆಗಳನ್ನು ತಿಂದುಹಾಕುತ್ತವೆ. ಗೋಡೆ ಸೋತ ಕಡೆ ನಾಳ ಉಬ್ಬುತ್ತದೆ. ಉಬ್ಬಿದ ಮೇಲೆ ಇನ್ನಷ್ಟು ಉಬ್ಬುವುದು ಸುಲಭ. ಮಕ್ಕಳಿಗೆ ಬಲೂನು ಊದಿಕೊಟ್ಟವರಿಗೆಲ್ಲ ಇದು ಗೊತ್ತು: ಮೊದಲ ಉಸಿರಿಗೆ ಕೆನ್ನೆ ನೋಯುತ್ತದೆ, ಒಮ್ಮೆ ಬಾಯಿಬಿಟ್ಟಿತೆಂದರೆ ಆಮೇಲೆ ಸಲೀಸು. ಒತ್ತಡ ಅಷ್ಟೇ ಇದ್ದರೂ ಅಗಲ ಹೆಚ್ಚಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್‌ನ ಹೆಸರಿನಲ್ಲಿರುವ ನಿಯಮ ಹೇಳುವುದು ಇದನ್ನೇ. ಹೀಗಾಗಿ ಅಳತೆಯೇ ಇಲ್ಲಿ ಭವಿಷ್ಯ ಹೇಳುತ್ತದೆ.

ಈ ಉಬ್ಬು ಬೆಳೆಯುವ ವರ್ಷಗಳಲ್ಲಿ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ರಕ್ತಪರೀಕ್ಷೆಯಲ್ಲಿ ಸುಳಿವಿಲ್ಲ. ತೆಳ್ಳಗಿನ ಮೈಯವರಲ್ಲಿ ಅನುಭವಿ ವೈದ್ಯರ ಕೈಗೆ ಮಿಡಿಯುವ ಗಂಟಾಗಿ ಸಿಗಬಹುದು, ಅಷ್ಟೇ. ಒಡೆದರೆ ಮಾತ್ರ ಐವರಲ್ಲಿ ನಾಲ್ವರು ಉಳಿಯುವುದಿಲ್ಲ. ಅನೇಕರು ಆಸ್ಪತ್ರೆಯ ಬಾಗಿಲನ್ನೂ ಕಾಣುವುದಿಲ್ಲ. ಒಡೆಯುವ ಮೊದಲೇ ಯೋಜಿಸಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಉಳಿಯುತ್ತಾರೆ. ಒಂದೇ ಕಾಯಿಲೆಗೆ, ಕಂಡ ದಿನದ ಮೇಲೆ ಇಷ್ಟು ದೊಡ್ಡ ವ್ಯತ್ಯಾಸವಾಗುವ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಬಹಳ ಇಲ್ಲ.

ಆಲ್ಬರ್ಟ್ ಐನ್‌ಸ್ಟೈನ್ ತೀರಿಕೊಂಡದ್ದು ಇದರಿಂದಲೇ. ಅವರಿಗೆ ಬಹುಕಾಲದಿಂದ ಹೊಟ್ಟೆನೋವು ಕಾಡುತ್ತಿತ್ತು. 1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಜ್ಯೂಯಿಷ್ ಆಸ್ಪತ್ರೆಯಲ್ಲಿ ರುಡಾಲ್ಫ್ ನಿಸೆನ್ ಎಂಬ ಶಸ್ತ್ರವೈದ್ಯರು ಹೊಟ್ಟೆ ತೆರೆದು ನೋಡಿದರೆ ಮಹಾಧಮನಿ ದೊಡ್ಡದಾಗಿ ಊದಿಕೊಂಡಿತ್ತು. ಹಾಳಾದ ಭಾಗ ತೆಗೆದು ಬೇರೆ ನಾಳ ಕೂಡಿಸುವ ವಿದ್ಯೆ ಆಗಿನ್ನೂ ಬಂದಿರಲಿಲ್ಲ. ಪ್ಯಾರಿಸಿನಲ್ಲಿ ಶಾರ್ಲ್ ದ್ಯುಬೋಸ್ ಅದನ್ನು ಮಾಡಿದ್ದು 1951ರಲ್ಲಿ. ನಿಸೆನ್ ಮಾಡಿದ್ದು ಆ ಕಾಲದ ಉಪಾಯ: ಉಬ್ಬಿನ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಅದರ ಕಿರಿಕಿರಿಗೆ ಸುತ್ತಲೂ ಗಾಯದ ಅಂಗಾಂಶ ಬೆಳೆದು ಗೋಡೆ ಗಟ್ಟಿಯಾಗಲಿ ಎಂಬ ಲೆಕ್ಕ. ಐನ್‌ಸ್ಟೈನ್ ಆರು ವರ್ಷಕ್ಕೂ ಹೆಚ್ಚು ಬದುಕಿದರು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಆ ಹೊತ್ತಿಗೆ ಹೊಸ ಶಸ್ತ್ರಚಿಕಿತ್ಸೆ ಬಂದಿತ್ತು, ವೈದ್ಯರು ಮಾಡಲು ಮುಂದೆಯೂ ಬಂದರು. 76ರ ಐನ್‌ಸ್ಟೈನ್ ಬೇಡವೆಂದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ನನ್ನ ಮನಸ್ಸು ನಿಲ್ಲುವುದು 1948ರ ಆ ಮೇಜಿನ ಮೇಲೆ. ಒಳಗೇನಿದೆ ಎಂದು ತಿಳಿಯಲು ಆ ಮಹಾವಿಜ್ಞಾನಿಯ ಹೊಟ್ಟೆ ಕೊಯ್ಯಬೇಕಾಯಿತು. ಇಂದು ನಮ್ಮ ತಾಲ್ಲೂಕು ಕೇಂದ್ರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಐದು ನಿಮಿಷದ ಕೆಲಸ ಅದು.

ಆ ಐದು ನಿಮಿಷ ನಮಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಲೋಹದೊಳಗಿನ ಬಿರುಕು ಹುಡುಕಲು ಕಾರ್ಖಾನೆಗಳಲ್ಲಿ ಶಬ್ದತರಂಗದ ಯಂತ್ರ ಬಳಸುತ್ತಿದ್ದರು. ಇಯಾನ್ ಡೊನಾಲ್ಡ್ ಎಂಬ ಸ್ತ್ರೀರೋಗತಜ್ಞ, ಟಾಮ್ ಬ್ರೌನ್ ಎಂಬ ಎಂಜಿನಿಯರ್ ಮತ್ತು ಸಹೋದ್ಯೋಗಿ ಮ್ಯಾಕ್‌ವಿಕಾರ್ ಸೇರಿ ಅದನ್ನು ಮನುಷ್ಯನ ಹೊಟ್ಟೆಯ ಮೇಲಿಟ್ಟು, 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಕಿರಣವಿಲ್ಲ, ಸೂಜಿಯಿಲ್ಲ, ನೋವಿಲ್ಲ.

ಯಂತ್ರವಿದೆ ಎಂದ ಮಾತ್ರಕ್ಕೆ ಆರೋಗ್ಯವಂತರನ್ನೆಲ್ಲ ಕರೆದು ಮಲಗಿಸುವುದು ನ್ಯಾಯವೇ? ಈ ಪ್ರಶ್ನೆಗೆ ಬ್ರಿಟನ್ನಿನವರು ತಾಳ್ಮೆಯಿಂದ ಉತ್ತರ ಹುಡುಕಿದರು. ಗ್ಲಾಸ್ಟರ್‌ಶೈರ್‌ನಲ್ಲಿ 1990ರಿಂದಲೇ 65ರ ಗಂಡಸರ ಹೊಟ್ಟೆ ಅಳೆಯುವ ಕೆಲಸ ಶುರುವಾಗಿತ್ತು. ಆದರೆ ನಿಜವಾದ ತೂಕದ ಪುರಾವೆ ಬಂದದ್ದು 2002ರಲ್ಲಿ. 65ರಿಂದ 74 ವಯಸ್ಸಿನ 67,800 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಸ್ಕ್ಯಾನಿಗೆ ಬನ್ನಿ ಎಂದು ಪತ್ರ ಹೋಯಿತು, ಇನ್ನೊಂದು ಪಾಲಿನವರಿಗೆ ಹೋಗಲಿಲ್ಲ. ಕರೆದವರಲ್ಲಿ ನೂರಕ್ಕೆ ಎಂಬತ್ತು ಜನ ಬಂದರು. ಬಂದವರಲ್ಲಿ 1,333 ಜನರಲ್ಲಿ ಉಬ್ಬು ಕಂಡಿತು. ಸುಮಾರು ನಾಲ್ಕು ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ಕರೆದ ಪಾಲಿನಲ್ಲಿ ಈ ಕಾಯಿಲೆಯಿಂದ ಸತ್ತವರು 65, ಕರೆಯದ ಪಾಲಿನಲ್ಲಿ 113. ಮುಂದೆ ಹದಿಮೂರು ವರ್ಷ ಹಿಂಬಾಲಿಸಿ ನೋಡಿದರೂ ಲಾಭ ಹಾಗೇ ನಿಂತಿತ್ತು: 216 ಜನರನ್ನು ಸ್ಕ್ಯಾನಿಗೆ ಕರೆದರೆ ಇದರಿಂದಾಗುವ ಒಂದು ಸಾವು ತಪ್ಪುತ್ತದೆ. ಇಂಗ್ಲೆಂಡ್ 2009ರಲ್ಲಿ ಸರ್ಕಾರಿ ಕಾರ್ಯಕ್ರಮ ಆರಂಭಿಸಿತು. ಗಂಡಸಿಗೆ 65 ತುಂಬುವ ವರ್ಷ ಪತ್ರ ಬರುತ್ತದೆ. ಅಳತೆ ಮೂರಕ್ಕಿಂತ ಕಡಿಮೆಯಿದ್ದರೆ ಆ ವ್ಯಕ್ತಿಯನ್ನು ಮತ್ತೆಂದೂ ಕರೆಯುವುದಿಲ್ಲ. ಜನ್ಮಕ್ಕೊಂದೇ ಸ್ಕ್ಯಾನ್. 3ರಿಂದ 4.4 ಇದ್ದರೆ ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದರೆ ಮೂರು ತಿಂಗಳಿಗೊಮ್ಮೆ, 5.5 ಮುಟ್ಟಿದರೆ ಶಸ್ತ್ರವೈದ್ಯರ ಬಳಿಗೆ.

ಉಬ್ಬು ಕಂಡ ತಕ್ಷಣ ಕೊಯ್ದುಬಿಡಬಾರದೇ ಎಂದು ಕೇಳುವವರಿದ್ದಾರೆ. ಮನೆಯವರು ಕೇಳುವುದು ಇದನ್ನೇ. ಬ್ರಿಟನ್ನಿನಲ್ಲೇ ನಾಲ್ಕರಿಂದ ಐದೂವರೆ ಸೆಂಟಿಮೀಟರಿನ ಉಬ್ಬಿದ್ದ 1,090 ಜನರಲ್ಲಿ ಇದನ್ನೂ ಪರೀಕ್ಷಿಸಿದರು. 1998ರಲ್ಲಿ ಫಲಿತಾಂಶ ಬಂತು. ಆಗಲೇ ಕೊಯ್ಯಿಸಿಕೊಂಡವರು ಕಾದು ನೋಡಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಸಣ್ಣ ಉಬ್ಬಿಗೆ ಬೇಕಾದದ್ದು ಕಾವಲು. ಬೀಡಿ ಬಿಡುವುದು, ರಕ್ತದೊತ್ತಡ ಹತೋಟಿಯಲ್ಲಿಡುವುದು, ಹೇಳಿದ ತಿಂಗಳಿಗೆ ತಪ್ಪದೆ ಅಳತೆಗೆ ಬರುವುದು. ದೊಡ್ಡದಾದಾಗ ಈಗ ಹೊಟ್ಟೆ ತೆರೆಯದೆಯೂ ದಾರಿಯಿದೆ. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋದಿ ತೊಡೆಸಂದಿಯ ಧಮನಿಯ ಮೂಲಕ ಬಟ್ಟೆಯ ನಳಿಗೆಯೊಂದನ್ನು ಮೇಲಕ್ಕೇರಿಸಿ ಉಬ್ಬಿನೊಳಗೆ ಕೂರಿಸಿದರು. ಆ ವಿಧಾನ ಇಂದು ಬೆಂಗಳೂರಿನಲ್ಲೂ ನಡೆಯುತ್ತಿದೆ.

ಹೊಟ್ಟೆಯ ಮಾತು ಇಷ್ಟು ಸ್ಪಷ್ಟ. ತಲೆಯೊಳಗೆ ಹೋದರೆ ಅಷ್ಟು ಸ್ಪಷ್ಟವಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡಬಾರದು.

ಮಿದುಳಿನ ಬುಡದಲ್ಲಿ ಧಮನಿಗಳು ಕವಲೊಡೆಯುವ ಕಡೆ ಸಣ್ಣ ಮೊಗ್ಗಿನಂತೆ ಉಬ್ಬುವ ಅನ್ಯೂರಿಸಂ ಬೇರೆ ಬಗೆಯದು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಅದು ಇರುತ್ತದೆ. ಈ ಸಭಾಂಗಣದಲ್ಲಿ ಇನ್ನೂರು ಜನರಿದ್ದೀರಿ ಎಂದುಕೊಳ್ಳಿ, ಆರು ಜನರಲ್ಲಿ ಇರಬಹುದು. ಆ ಆರರಲ್ಲಿ ಹೆಚ್ಚಿನವರು ಅದು ಇದೆಯೆಂದೇ ತಿಳಿಯದೆ ಪೂರ್ಣಾಯುಷ್ಯ ಬಾಳಿ ಬೇರೆ ಕಾರಣಕ್ಕೆ ಕಣ್ಣುಮುಚ್ಚುತ್ತಾರೆ. ಜಪಾನಿನಲ್ಲಿ ‘ಬ್ರೈನ್ ಡಾಕ್’ ಎಂಬ ಹೆಸರಿನಲ್ಲಿ ಆರೋಗ್ಯವಂತರ ತಲೆಗೇ ಎಂಆರ್‌ಐ ಮಾಡುವ ರೂಢಿ 1980ರ ದಶಕದ ಕೊನೆಯಿಂದ ಇದೆ. ಅಲ್ಲಿಯೇ 5,720 ಜನರ 6,697 ಉಬ್ಬುಗಳನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಡೆಯುವ ಪ್ರಮಾಣ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ, 0.95. ದೊಡ್ಡವು ಹೆಚ್ಚು ಒಡೆಯುತ್ತವೆ, ಕೆಲವು ಜಾಗದವು ಹೆಚ್ಚು ಒಡೆಯುತ್ತವೆ. ಒಡೆದರೆ ಘೋರ, ನಿಜ. ಆದರೆ ತಲೆಬುರುಡೆ ತೆರೆದು ಕ್ಲಿಪ್ ಹಾಕುವುದಕ್ಕೂ, ಧಮನಿಯೊಳಗಿಂದ ಹೋಗಿ ತಂತಿಸುರುಳಿ ತುಂಬುವುದಕ್ಕೂ ಅದರದೇ ಅಪಾಯವಿದೆ. ಐದು ಮಿಲಿಮೀಟರಿನ ಮೊಗ್ಗೊಂದು ಕಂಡ ನಲವತ್ತೈದರ ಗೃಹಿಣಿಗೆ ಏನು ಹೇಳುವುದು? ಅಂಥವರೊಬ್ಬರನ್ನು ನಾನು ಕಂಡಿದ್ದೇನೆ. ನರತಜ್ಞರು ಕಾಯೋಣ ಎಂದರೂ, ಆಕೆ ಅಂದಿನಿಂದ ತಲೆಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದಕ್ಕೂ ಹೆದರುತ್ತಿದ್ದರು. ರೋಗ ಆಕೆಯನ್ನು ಮುಟ್ಟಿರಲಿಲ್ಲ, ಚಿತ್ರ ಮುಟ್ಟಿತ್ತು.

ಹಾಗೆಂದು ತಲೆಯನ್ನು ಯಾರೂ ನೋಡಿಸಬಾರದೆಂದಲ್ಲ. ಒಡಹುಟ್ಟಿದವರು, ತಂದೆತಾಯಿ, ಮಕ್ಕಳು ಇವರಲ್ಲಿ ಇಬ್ಬರಿಗೆ ಮಿದುಳಿನ ಅನ್ಯೂರಿಸಂ ಇದ್ದರೆ ಅಥವಾ ಒಡೆದಿದ್ದರೆ ನೋಡಿಸಬೇಕು. ಮೂತ್ರಪಿಂಡದ ತುಂಬ ನೀರುಗುಳ್ಳೆಯಾಗುವ ವಂಶಪಾರಂಪರ್ಯದ ಕಾಯಿಲೆಯವರು ವೈದ್ಯರನ್ನು ಕೇಳಬೇಕು, ಅವರಲ್ಲಿ ಈ ಉಬ್ಬು ಬೇರೆಯವರಿಗಿಂತ ಹೆಚ್ಚು. ಕೇಳುವಾಗ ‘ಎಂಆರ್ ಆಂಜಿಯೋಗ್ರಾಂ’ ಎಂದೇ ಕೇಳಿ. ಮಾಮೂಲಿ ಸಿಟಿಯಲ್ಲಿ ಒಡೆಯದ ಸಣ್ಣ ಉಬ್ಬು ಕಾಣದೇ ಹೋಗಬಹುದು. ಮತ್ತು ಒಂದು ಮಾತು ಎಲ್ಲರಿಗೂ: ಜನ್ಮದಲ್ಲಿ ಎಂದೂ ಕಾಣದಂಥ ತಲೆನೋವು ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದರೆ, ಮಾತ್ರೆ ನುಂಗಿ ಮಲಗಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಕುಟುಂಬದ ಮಾತು ಬಂದದ್ದರಿಂದ ಫ್ಲೋ ಹೈಮನ್ ಎಂಬ ವಾಲಿಬಾಲ್ ಆಟಗಾರ್ತಿಯನ್ನು ನೆನೆಯಬೇಕು. ಆರೂ ಕಾಲಡಿಗಿಂತ ಎತ್ತರ, ಉದ್ದ ಕೈಕಾಲು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಬೆಳ್ಳಿ ತಂದ ತಂಡದ ತಾರೆ. 1986ರ ಜನವರಿ 24ರಂದು ಜಪಾನಿನ ಮಾತ್ಸುಯೆಯಲ್ಲಿ ಪಂದ್ಯದ ನಡುವೆ, ಬೆಂಚಿನ ಮೇಲೆ ಕೂತಿದ್ದಾಗ ಕುಸಿದು ತೀರಿಕೊಂಡರು. ವಯಸ್ಸು 31. ಮೊದಲು ಹೃದಯಾಘಾತ ಎಂದುಕೊಂಡರು. ಶವಪರೀಕ್ಷೆಯಲ್ಲಿ ಮಹಾಧಮನಿ ಹರಿದಿದ್ದು ಕಂಡಿತು. ಕಾರಣ, ನಾಳದ ಗೋಡೆಯನ್ನು ಹುಟ್ಟಿನಿಂದಲೇ ದುರ್ಬಲಗೊಳಿಸುವ ಮಾರ್ಫಾನ್ ಸಿಂಡ್ರೋಮ್. ಆ ಸುದ್ದಿಯಿಂದ ಎಚ್ಚೆತ್ತು ಪರೀಕ್ಷಿಸಿದಾಗ ಅವರ ಸಹೋದರನಲ್ಲೂ ಅದೇ ತೊಂದರೆ ಕಂಡು, ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು. ನಮ್ಮ ಶಾಲೆಗಳ ದೈಹಿಕ ಶಿಕ್ಷಕರಿಗೆ ನನ್ನ ಕೋರಿಕೆ: ವಯಸ್ಸಿಗೆ ಮೀರಿ ಉದ್ದವಾದ, ಬೆರಳುಗಳು ಜೇಡನ ಕಾಲಿನಂತೆ ನೀಳವಾದ, ಎದೆಗೂಡು ಒಳಸರಿದ, ದಪ್ಪ ಕನ್ನಡಕದ ಹುಡುಗನನ್ನು ತಂಡಕ್ಕೆ ಆರಿಸುವ ಮೊದಲು ಒಂದು ಎಕೋ ಮಾಡಿಸಲು ಹೇಳಿ.

2021ರ ಅಕ್ಟೋಬರ್ 29 ನಿಮಗೆಲ್ಲ ನೆನಪಿದೆ. ನಟ ಪುನೀತ್ ರಾಜ್‌ಕುಮಾರ್ 46ಕ್ಕೇ ಹೊರಟುಹೋದರು. ಮರುದಿನಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆಂದು ಬಂದ ಯುವಕರ ಸಾಲು ಬೆಳೆಯಿತು. ಅವರ ಸಾವಿಗೆ ಕಾರಣ ಅನ್ಯೂರಿಸಂ ಅಲ್ಲ, ಅದು ಬೇರೆಯೇ ವಿಷಯ. ಜನರ ಆ ಭಯವೂ ಅರ್ಥವಾಗುವಂಥದ್ದು. ಆದರೆ ಅಂಥ ಭಯದ ಬೆನ್ನಿಗೇ ‘ತಲೆಯಿಂದ ಕಾಲಿನವರೆಗೆ’ ಸ್ಕ್ಯಾನ್ ಮಾಡುವ ಪ್ಯಾಕೇಜುಗಳ ಜಾಹೀರಾತು ಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿಗೆ ನೂರಕ್ಕೂ ಹೆಚ್ಚು ಎದೆ ಎಕ್ಸ್‌ರೇಯಷ್ಟು ವಿಕಿರಣ. ಎಂಆರ್‌ಐಯಲ್ಲಿ ವಿಕಿರಣವಿಲ್ಲದಿದ್ದರೂ, ಇಡೀ ದೇಹವನ್ನು ನೋಡಿದರೆ ಏನಾದರೊಂದು ಗಂಟು, ಗುಳ್ಳೆ, ಚುಕ್ಕೆ ಸಿಕ್ಕೇ ಸಿಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರ ಕತ್ತಿಗೆ ಅಲ್ಟ್ರಾಸೌಂಡ್ ಹಿಡಿಯುವ ರೂಢಿ ಹಬ್ಬಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ಕ್ಕಿಂತ ಹದಿನೈದು ಪಟ್ಟಾಯಿತು. ಸಾವಿನ ಸಂಖ್ಯೆ ಇದ್ದಲ್ಲೇ ಇತ್ತು. ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವನಪರ್ಯಂತ ಮಾತ್ರೆಗೆ ಬಿದ್ದರು.

ಹಾಗಾದರೆ ನಮ್ಮಲ್ಲಿ ಏನು ಮಾಡಬೇಕು? ಇಂಗ್ಲೆಂಡಿನಂತೆ 65ರ ಎಲ್ಲ ಗಂಡಸರಿಗೆ ಪತ್ರ ಕಳಿಸಿ ಎಂದು ನಾನು ಸರ್ಕಾರವನ್ನು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಗಂಡಸರಲ್ಲಿ ಹೊಟ್ಟೆಯ ಈ ಉಬ್ಬು ಬಿಳಿಯರಿಗಿಂತ ಬಹಳ ಕಡಿಮೆ ಎಂದು ಅಲ್ಲಿನ ಸ್ಕ್ಯಾನಿಂಗ್ ಲೆಕ್ಕಗಳೇ ಹೇಳುತ್ತವೆ. ಸಕ್ಕರೆ ಕಾಯಿಲೆಯಿದ್ದವರಲ್ಲಿಯೂ ಅದು ಕಡಿಮೆಯೇ, ಹೃದಯಕ್ಕೆ ಶತ್ರುವಾದ ಸಕ್ಕರೆ ಇಲ್ಲಿ ಮಾತ್ರ ಹಾಗೆ ವರ್ತಿಸುವುದಿಲ್ಲ. ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ತಂತ್ರಜ್ಞರು ಪುಟ್ಟ ಯಂತ್ರ ಹಿಡಿದು ಊರೂರಿನ ಚಿಕಿತ್ಸಾಲಯಕ್ಕೆ ಹೋಗಿ ಅಳೆಯುತ್ತಾರೆ. ನಮ್ಮಲ್ಲಿ ಹಾಗೆ ಮಾಡಲಾಗದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರ ನೋಂದಾಯಿತ ಜಾಗದಲ್ಲಿ, ಅರ್ಹರ ಕೈಯಲ್ಲಿಯೇ ಇರಬೇಕು. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಆ ಕಾಯ್ದೆ ಸಡಿಲವಾಗಲಿ ಎಂದು ನಾನು ಎಂದಿಗೂ ಹೇಳಲಾರೆ.

ಅದರ ಅಗತ್ಯವೂ ಇಲ್ಲ. ನಮ್ಮ ಹಿರಿಯರ ಹೊಟ್ಟೆ ಸ್ಕ್ಯಾನ್ ಈಗಾಗಲೇ ನಡೆಯುತ್ತಲೇ ಇದೆ. ಕಲ್ಲಿಗೆ, ಪಿತ್ತಕೋಶಕ್ಕೆ, ಪ್ರಾಸ್ಟೇಟಿಗೆ, ಗ್ಯಾಸ್ಟ್ರಿಕ್ ಎಂದು, ಮಾಸ್ಟರ್ ಹೆಲ್ತ್ ಚೆಕಪ್ ಎಂದು. ಜೆಲ್ ಹಚ್ಚಿಯಾಗಿದೆ, ಪ್ರೋಬ್ ಕೈಯಲ್ಲಿದೆ, ಹಣ ಕಟ್ಟಿಯಾಗಿದೆ. ಮಹಾಧಮನಿಯ ಮೇಲೆ ಇನ್ನೊಂದು ನಿಮಿಷ ನಿಂತು ಅಳೆದು ಬರೆಯಬೇಕು, ಅಷ್ಟೇ. ಗ್ಯಾಸ್ ತುಂಬಿ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಬೇಕು. ಬರೆಯದ ಜಾಗವನ್ನು ಓದುವವರು ‘ಎಲ್ಲ ಸರಿಯಿದೆ’ ಎಂದುಕೊಳ್ಳುತ್ತಾರೆ. ಆ ಚಾಲಕರ ಮನೆಯವರು ಆರು ವರ್ಷ ಹಾಗೆಯೇ ಅಂದುಕೊಂಡಿದ್ದರು.

ವೈದ್ಯಮಿತ್ರರಲ್ಲಿ, ವಿಶೇಷವಾಗಿ ಈಗಷ್ಟೇ ರೇಡಿಯಾಲಜಿ ಮುಗಿಸಿ ಬರುತ್ತಿರುವ ತರುಣ ತರುಣಿಯರಲ್ಲಿ ನನ್ನ ವಿನಂತಿ: ನಿಮ್ಮ ಕಂಪ್ಯೂಟರಿನಲ್ಲಿರುವ ಸಿದ್ಧ ವರದಿಯ ನಮೂನೆಗೆ ಈ ವಾರವೇ ಮಹಾಧಮನಿಯ ಸಾಲನ್ನು ಸೇರಿಸಿ. ಅರವತ್ತು ದಾಟಿದವರಲ್ಲಿ ಅದನ್ನು ಎಂದೂ ಖಾಲಿ ಬಿಡಬೇಡಿ. ಪಕ್ಕೆನೋವೆಂದು ಬಂದ ಹಿರಿಯರಲ್ಲಿ ಕಲ್ಲು ಸಿಗದಿದ್ದರೆ ಮೊದಲು ಅಲ್ಲಿಗೆ ಹೋಗಿ. ಹೆಂಗಸರಲ್ಲಿ ಈ ಉಬ್ಬು ಅಪರೂಪ ಎಂದು ಕೈಬಿಡಬೇಡಿ, ಅವರಲ್ಲಿ ಗಂಡಸರಿಗಿಂತ ಸಣ್ಣ ಅಳತೆಯಲ್ಲಿಯೇ ಅದು ಒಡೆಯುತ್ತದೆ.

ಇಲ್ಲಿ ಕುಳಿತಿರುವ ಬಂಧುಗಳೇ, ನಿಮ್ಮ ಮನೆಯಲ್ಲಿ 65 ದಾಟಿದ, ಬೀಡಿ ಸಿಗರೇಟು ಸೇದುವ ಅಥವಾ ಹಿಂದೆಂದೋ ಸೇದಿ ಬಿಟ್ಟ ತಂದೆ, ದೊಡ್ಡಪ್ಪ, ಮಾವ ಇದ್ದರೆ, ಅಥವಾ ಮನೆತನದಲ್ಲಿ ಯಾರಿಗಾದರೂ ಈ ಉಬ್ಬು ಇದ್ದದ್ದು ಗೊತ್ತಿದ್ದರೆ, ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಮಲಗುವ ಮೊದಲೇ ವೈದ್ಯರಿಗೆ ಹೇಳಿ: ‘ಮಹಾಧಮನಿಯ ಅಳತೆಯನ್ನೂ ಬರೆದುಕೊಡಿ.’ ವರದಿ ಕೈಗೆ ಬಂದಾಗ, ಹಾಗೇ ಕವರಿಗೆ ಹಾಕದೆ, ಆ ಸಾಲು ಇದೆಯೇ ಎಂದು ನೋಡಿ.